ಪಡೆಯುವ ಫಲ, ಕೊಡುವ ಫಲ: ಕನ್ನಡ ಸತ್ಯವೇದದ ಭಾಷೆಯಲ್ಲಿ ಶಿಷ್ಯತ್ವದ ಪರಿಕಲ್ಪನೆ

ಕನ್ನಡದ ವಾಡಿಕೆಯಲ್ಲಿ 'ಫಲ' ಎಂಬುದು ಬಹುಮಟ್ಟಿಗೆ ಲೆಕ್ಕಾಚಾರದ ಪದ. ಕರ್ಮಫಲ, ಪುಣ್ಯಫಲ, ಪ್ರತಿಫಲ, ಫಲಾಫಲ ಮುಂತಾದ ಸಮಾಸಗಳಲ್ಲಿ ಅದು ಒಂದು ಕ್ರಿಯೆಯ ಕೊನೆಗೆ ಕರ್ತೃವಿನ ಪಾಲಿಗೆ ಬಂದು ಸೇರುವುದನ್ನು ಹೇಳುತ್ತದೆ. ವ್ರತಕಥೆಗಳ ಕೊನೆಯಲ್ಲಿ ಬರುವ ಫಲಶ್ರುತಿಯು ಓದಿದವರಿಗೆ, ಕೇಳಿದವರಿಗೆ ಏನೇನು ದೊರೆಯುವುದೆಂದು ಪಟ್ಟಿಮಾಡುತ್ತದೆ. 'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯಲ್ಲಿ 'ಫಲ' ಎಂಬ ಪದವೇ ಇಲ್ಲದಿದ್ದರೂ ಅದರ ತರ್ಕವೆಲ್ಲ ಇದೆ. ಈ ಎಲ್ಲ ಬಳಕೆಗಳಲ್ಲಿ ಫಲದೊಡನೆ ಬರುವ ಕ್ರಿಯಾಪದಗಳು ಪಡೆ, ಉಣ್ಣು, ಅನುಭವಿಸು, ಹೊಂದು ಎಂಬವು. ಅಂದರೆ ಫಲವು ಹರಿಯುವ ದಿಕ್ಕು ಕರ್ತೃವಿನ ಕಡೆಗೆ.

ಕನ್ನಡ ಸತ್ಯವೇದದಲ್ಲಿ ಇದೇ ಪದ ಬೇರೊಂದು ಕ್ರಿಯಾಪದದ ಜೊತೆಗೆ ನಿಲ್ಲುತ್ತದೆ. ಅಲ್ಲಿ ಶಿಷ್ಯನು ಫಲವನ್ನು ಪಡೆಯುವುದಕ್ಕಿಂತ ಹೆಚ್ಚಾಗಿ ಫಲವನ್ನು 'ಕೊಡುತ್ತಾನೆ'. ಮರ, ಬಳ್ಳಿ, ಹೊಲಗಳಿಗೆ ಸಹಜವಾಗಿ ಹೊಂದುವ ಈ ಕ್ರಿಯಾಪದವನ್ನು ಮನುಷ್ಯನಿಗೆ ಹಚ್ಚಿದಾಗ ಪದದ ಅರ್ಥದಿಕ್ಕು ತಿರುಗುತ್ತದೆ. ಕ್ರೈಸ್ತ ಶಿಷ್ಯನೊಬ್ಬನ ಬಾಳು ಆಧ್ಯಾತ್ಮಿಕವಾಗಿ ಫಲವತ್ತಾಗಿದೆ ಎಂದರೆ ಏನರ್ಥ ಎಂಬ ಪ್ರಶ್ನೆಗೆ ಉತ್ತರವು ಈ ಚಿಕ್ಕ ವ್ಯಾಕರಣಾಂಶದಲ್ಲಿ ಬಹುಪಾಲು ಅಡಗಿದೆ. ಕನ್ನಡ ಕ್ರೈಸ್ತ ಸಾಹಿತ್ಯದ ಅಧ್ಯಯನಗಳು ಮುದ್ರಣ, ನಿಘಂಟು, ಪತ್ರಿಕೆ, ಶಾಲೆಗಳ ಚರಿತ್ರೆಗೆ ಕೊಟ್ಟಷ್ಟು ಗಮನವನ್ನು ಆ ಸಾಹಿತ್ಯದ ಒಳಗಿನ ಪರಿಕಲ್ಪನೆಗಳಿಗೆ ಕೊಟ್ಟಿಲ್ಲವಾದ್ದರಿಂದ, ಇದನ್ನು ತುಸು ವಿವರವಾಗಿ ಪರಿಶೀಲಿಸುವುದು ಅಗತ್ಯ.

ಪದದ ಆಯ್ಕೆ

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಕೈಗೊಂಡ ಅನುವಾದಕಾರ್ಯದಿಂದ 1831ರ ಹೊತ್ತಿಗೆ ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಯಿತು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದರ ಪರಿಷ್ಕರಣದಲ್ಲಿ ತೊಡಗಿದರು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಮತ್ತೆ ಪರಿಷ್ಕೃತವಾದ ರೂಪವೇ ಇಂದಿಗೂ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ವ್ಯಾಪಕವಾಗಿ ಓದಲ್ಪಡುತ್ತಿದೆ. ಈ ಲೇಖನದಲ್ಲಿ ಚರ್ಚಿಸುವ ಪದಗಳು ಆ ರೂಪದವು.

ಮೂಲ ಗ್ರೀಕಿನ 'ಕಾರ್ಪೋಸ್' ಎಂಬ ಪದಕ್ಕೆ ಹಣ್ಣು, ಬೆಳೆ, ಫಸಲು ಎಂಬ ಅರ್ಥಗಳೆಲ್ಲ ಉಂಟು. ಕನ್ನಡದ ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಕನ್ನಡಕ್ಕೆ ಕಾಯಿ ಬೇರೆ, ಹಣ್ಣು ಬೇರೆ. ಎರಡನ್ನೂ ಒಳಗೊಳ್ಳುವ ದೇಸಿಪದವೊಂದು ಬಳಕೆಯಲ್ಲಿ ಹಗುರವಾಗಿ ಸಿಗುವುದಿಲ್ಲ. ಕನ್ನಡ ವಸ್ತುವಿಗಿಂತ ಅದರ ಪಕ್ವತೆಯನ್ನು ಗಮನಿಸುವ ಭಾಷೆ. 'ಹಣ್ಣಾಗು' ಎಂದರೆ ಮಾಗುವುದೂ ಹೌದು, ದುಡಿದು ಬಳಲುವುದೂ ಹೌದು. ಅನುವಾದಕರು ಈ ಪದವನ್ನು ಹಿಡಿದಿದ್ದರೆ ಕನ್ನಡ ಕ್ರೈಸ್ತ ಧರ್ಮಭಾಷೆಯ ಬಣ್ಣವೇ ಬೇರೆಯಾಗುತ್ತಿತ್ತೆಂದು ಊಹಿಸಬಹುದು. ಆದರೆ ಹೊಲದ ತೆನೆಗೂ ಬಳ್ಳಿಯ ಗೊಂಚಲಿಗೂ ಮನುಷ್ಯನ ನಡತೆಗೂ ಒಂದೇ ಪದ ಬೇಕಾಗಿದ್ದುದರಿಂದ ಸಂಸ್ಕೃತದ 'ಫಲ'ವೇ ಅನಿವಾರ್ಯವಾಯಿತು. ಆ ಪದದ ಜೊತೆಗೆ ಅದರ ಹಳೆಯ ಸಂಸಾರವೂ ಬಂದಿತು.

ಈ ಸಂಸಾರದ ಒತ್ತಡ ಎಷ್ಟೆಂಬುದು ಗಲಾತ್ಯದವರಿಗೆ ಪೌಲನು ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಪೌಲನು ಮನುಷ್ಯನ ಎರಡು ಬಗೆಯ ಬದುಕುಗಳನ್ನು ಎದುರುಬದುರಾಗಿ ನಿಲ್ಲಿಸುತ್ತಾನೆ. ದೇವರ ಆತ್ಮಕ್ಕೆ ವಿಮುಖವಾದ ಬದುಕಿನಿಂದ ಹೊರಡುವುದನ್ನು ಆತ 'ಎರ್ಗ', ಅಂದರೆ ಕ್ರಿಯೆಗಳು, ಎಂದು ಕರೆಯುತ್ತಾನೆ. ಆತ್ಮದ ವಶದಲ್ಲಿರುವ ಬದುಕಿನಿಂದ ಹೊರಡುವುದನ್ನು 'ಕಾರ್ಪೋಸ್' ಎನ್ನುತ್ತಾನೆ. ಮೊದಲನೆಯದು ಬಹುವಚನ, ಎರಡನೆಯದು ಏಕವಚನ. ಕನ್ನಡದಲ್ಲಿ ಮೊದಲನೆಯದಕ್ಕೆ 'ಕರ್ಮಗಳು' ಎಂದೂ ಎರಡನೆಯದಕ್ಕೆ 'ಫಲ' ಎಂದೂ ಬಂದಿದೆ. ಕರ್ಮದಿಂದ ಫಲ ಎಂಬ ಕಾರ್ಯಕಾರಣ ಸಂಬಂಧ ರಕ್ತಗತವಾಗಿರುವ ಭಾಷೆಯಲ್ಲಿ ಕರ್ಮ ಮತ್ತು ಫಲಗಳು ಇಲ್ಲಿ ಪರಸ್ಪರ ವಿರೋಧಿಗಳಾಗಿ ನಿಂತಿವೆ! ಕರ್ಮ ಮಾಡಿ ಈ ಫಲವನ್ನು ಪಡೆಯಲಾಗದು, ಕರ್ಮದ ದಾರಿ ಬೇರೆ, ಫಲದ ದಾರಿ ಬೇರೆ ಎಂಬುದು ಪೌಲನ ವಾದದ ತಿರುಳು. ಅದೇ ಪೌಲನು ಖಂಡಿಸುವ 'ಧರ್ಮಶಾಸ್ತ್ರದ ಕ್ರಿಯೆ'ಗಳಿಗೆ ಕನ್ನಡ ಅನುವಾದಕರು 'ನೇಮನಿಷ್ಠೆ' ಎಂಬ ಪದವನ್ನು ಬಳಸಿದ್ದಾರೆ. ಯೆಹೂದ್ಯ ಆಚರಣೆಗಳ ಕುರಿತ ವಾಗ್ವಾದವೊಂದು ಈ ಒಂದು ಪದದಿಂದ ಕನ್ನಡ ಮನೆಯ ಮಡಿಮೈಲಿಗೆಯ ಜಗತ್ತಿನೊಳಕ್ಕೆ ನೇರವಾಗಿ ಬಂದು ಕುಳಿತಿತು.

ಬಳ್ಳಿ ಮತ್ತು ಕೊಂಬೆ

ಫಲವು ಕರ್ಮದಿಂದ ಬರುವುದಿಲ್ಲವಾದರೆ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದ ದ್ರಾಕ್ಷೆಬಳ್ಳಿಯ ರೂಪಕ ಉತ್ತರಿಸುತ್ತದೆ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ, ಕೊನೆಯ ಊಟದ ತರುವಾಯ, ಶಿಷ್ಯರೊಡನೆ ನಡೆಸಿದ ದೀರ್ಘ ಮಾತುಕತೆಯ ಭಾಗ ಇದು. ತಾನು ಬಳ್ಳಿ, ಶಿಷ್ಯರು ಕೊಂಬೆಗಳು, ತಂದೆಯಾದ ದೇವರು ತೋಟಗಾರ ಎಂಬುದು ರೂಪಕದ ಚೌಕಟ್ಟು. ಇಸ್ರಾಯೇಲ್ ಜನಾಂಗವನ್ನು ದೇವರ ದ್ರಾಕ್ಷೆತೋಟವೆಂದು ಕರೆದ ಯೆಶಾಯನ ಹಾಗೂ ಕೀರ್ತನೆಗಳ ಪರಂಪರೆ ಅದರ ಹಿಂದಿದೆ. ಯೆಶಾಯನ ತೋಟವು ಒಳ್ಳೆಯ ಹಣ್ಣಿಗೆ ಬದಲಾಗಿ ಕಾಡುಹಣ್ಣನ್ನು ಬಿಟ್ಟು ತೋಟದೊಡೆಯನನ್ನು ನಿರಾಶೆಗೊಳಿಸಿದ ತೋಟ. ಆ ನಿರಾಶೆಯ ನೆನಪನ್ನು ಬೆನ್ನಿಗಿಟ್ಟುಕೊಂಡೇ ಯೋಹಾನನ ರೂಪಕ ಮುಂದುವರಿಯುತ್ತದೆ.

ಈ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಪುನರಾವೃತ್ತವಾಗುವ ಪದ 'ಮೆನೊ' ಎಂಬ ಗ್ರೀಕ್ ಕ್ರಿಯಾಪದ. 4ನೆಯ ವಚನದಿಂದ 10ನೆಯ ವಚನದವರೆಗಿನ ಏಳು ವಚನಗಳಲ್ಲಿ ಅದು ಹತ್ತು ಸಲ ಬರುತ್ತದೆ. ಕನ್ನಡದಲ್ಲಿ ಅದಕ್ಕೆ 'ನೆಲೆಗೊಂಡಿರು' ಎಂಬ ಅನುವಾದವಿದೆ. ಇಡೀ ಕನ್ನಡ ಸತ್ಯವೇದದಲ್ಲಿಯೇ ಇದು ಅತ್ಯಂತ ಸಫಲವಾದ ಆಯ್ಕೆಗಳಲ್ಲಿ ಒಂದೆನ್ನಬೇಕು. 'ನೆಲೆ' ಎಂದರೆ ತಾಣ, ಆಶ್ರಯ, ನೀರಿನಲ್ಲಿ ಕಾಲಿಗೆ ಸಿಗುವ ತಳ. ಊರುಗಳ ಹೆಸರಿನಲ್ಲೂ ಅನುಭಾವಿಗಳ ಮಾತಿನಲ್ಲೂ ಕನ್ನಡಕ್ಕೆ ಅದು ಹಳೆಯ ಪರಿಚಯದ ಪದ. 'ಇರು' ಎಂದರೆ ಸಾಲದು, 'ವಾಸಿಸು' ಎಂದರೆ ಮನೆಯಷ್ಟೇ ಆಗುತ್ತದೆ. 'ನೆಲೆಗೊಂಡಿರು' ಎಂದಾಗ ಅಲೆದಾಟ ನಿಂತ ಮೇಲಿನ ಸ್ಥಿತಿ ಒದಗುತ್ತದೆ.

ಫಲ ಬರುವುದು ಈ ನೆಲೆಯಿಂದ. ಕೊಂಬೆಯು ಫಲವನ್ನು ಉತ್ಪಾದಿಸಲು ಹೆಣಗುವುದಿಲ್ಲ. ಬಳ್ಳಿಯ ರಸ ಅದರೊಳಗೆ ಹರಿದರೆ ಗೊಂಚಲು ತಾನಾಗಿ ಕಟ್ಟುತ್ತದೆ. ಆದರೆ ರಸದ ಹರಿವಿಗೆ ಅಡ್ಡಿಯಾಗದಂತೆ ಉಳಿಯುವುದು ನಿಷ್ಕ್ರಿಯತೆಯಲ್ಲ. ಯೋಹಾನನು ಅದಕ್ಕೆ ಮೂರ್ತವಾದ ಲಕ್ಷಣಗಳನ್ನು ಕೊಡುತ್ತಾನೆ: ಗುರುವಿನ ವಾಕ್ಯ ಶಿಷ್ಯನಲ್ಲಿ ಉಳಿಯಬೇಕು, ಪ್ರಾರ್ಥನೆ ಅದರಿಂದ ಹುಟ್ಟಬೇಕು, ಆಜ್ಞೆಗಳನ್ನು ಕೈಕೊಳ್ಳಬೇಕು, ಆ ಆಜ್ಞೆಗಳೆಲ್ಲ ಒಬ್ಬರನ್ನೊಬ್ಬರು ಪ್ರೀತಿಸುವುದರಲ್ಲಿ, ಸ್ನೇಹಿತರಿಗಾಗಿ ಪ್ರಾಣವನ್ನೂ ಕೊಡುವುದರಲ್ಲಿ ಕೊನೆಗಾಣಬೇಕು. ಹೀಗೆ ನೆಲೆಗೊಳ್ಳುವಿಕೆಯು ಏಕಾಂತದ ಧ್ಯಾನದಿಂದ ಹೊರಟು ನೆರೆಯವನ ಅಂಗಳಕ್ಕೆ ಬಂದು ಮುಟ್ಟುತ್ತದೆ. ಹಣ್ಣನ್ನು ಕೊಂಬೆ ತಿನ್ನುವುದಿಲ್ಲವೆಂಬ ಸಾಮಾನ್ಯ ಸಂಗತಿಯನ್ನು ಇಲ್ಲಿ ನೆನೆಯಬೇಕು. ಮರಗಳು ಪರರಿಗಾಗಿ ಹಣ್ಣು ಬಿಡುತ್ತವೆಂದು ಸಂಸ್ಕೃತ ಸುಭಾಷಿತಗಳು ಹೇಳುತ್ತಲೇ ಬಂದಿವೆ. ಕರ್ಮಫಲದ ಚರ್ಚೆಯಲ್ಲಿ ಮಾತ್ರ ಆ ಸುಭಾಷಿತ ನಮ್ಮ ನೆನಪಿಗೆ ಬರುವುದು ಕಡಿಮೆ.

ಇದೇ ರೂಪಕದಲ್ಲಿ ಕಠಿಣವಾದ ಒಂದು ಅಂಶವೂ ಇದೆ. ಫಲ ಕೊಡದ ಕೊಂಬೆಯನ್ನು ತೋಟಗಾರ ತೆಗೆದುಹಾಕುತ್ತಾನೆ. ಫಲ ಕೊಡುವುದನ್ನೂ ಸುಮ್ಮನೆ ಬಿಡುವುದಿಲ್ಲ, ಇನ್ನೂ ಹೆಚ್ಚು ಕೊಡಲೆಂದು ಅದಕ್ಕೂ ಕತ್ತಿ ಹಚ್ಚುತ್ತಾನೆ. ಗ್ರೀಕಿನಲ್ಲಿ ಈ ಎರಡನೆಯ ಕ್ರಿಯೆಗೆ ಬಳಸಿರುವ ಪದಕ್ಕೆ ಶುದ್ಧಿಮಾಡು, ಸವರು ಎಂಬ ಎರಡೂ ಅರ್ಥಗಳಿವೆ. ಮುಂದಿನ ವಚನದಲ್ಲಿಯೇ ಶಿಷ್ಯರು ಶುದ್ಧರಾಗಿದ್ದಾರೆಂದು ಹೇಳುವಾಗ ಅದೇ ಧಾತುವಿನ ಇನ್ನೊಂದು ರೂಪ ಬರುವುದರಿಂದ ಮೂಲದಲ್ಲಿ ಒಂದು ಶ್ಲೇಷ ಏರ್ಪಡುತ್ತದೆ. ಕನ್ನಡ ಅನುವಾದ 'ಶುದ್ಧಿಮಾಡು' ಎಂಬ ಅರ್ಥವನ್ನು ಆರಿಸಿಕೊಂಡು ಕತ್ತಿಯನ್ನು ಬಿಟ್ಟುಕೊಟ್ಟಿದೆ. ಮಂಗಳೂರಿನ ಸುತ್ತ ತೆಂಗು ಕಂಗುಗಳ ತೋಟಗಳಿದ್ದುವೇ ಹೊರತು ದ್ರಾಕ್ಷಿಯ ತೋಟಗಳಲ್ಲ. ಕನ್ನಡ ಪಂಡಿತರಿಗೆ ದ್ರಾಕ್ಷೆಯು ಬಳ್ಳಿಗಿಂತ ಹೆಚ್ಚಾಗಿ 'ದ್ರಾಕ್ಷಾಪಾಕ'ದ ಮೂಲಕ, ಅಂದರೆ ಕಾವ್ಯಮೀಮಾಂಸೆಯ ಮೂಲಕ, ಗೊತ್ತಿದ್ದ ವಸ್ತು.

ವಿಜಯಪುರದ ದ್ರಾಕ್ಷಿ ಬೆಳೆಗಾರನಿಗೆ ಈ ಶ್ಲೇಷವನ್ನು ವಿವರಿಸುವ ಅಗತ್ಯ ಬೀಳಲಾರದು. ಆ ಭಾಗದಲ್ಲಿ 'ಚಾಟನಿ' ಎಂದು ಕರೆಯುವ ಸವರುವಿಕೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಏಪ್ರಿಲ್ ಸುಮಾರಿಗೆ ಬಳ್ಳಿಯನ್ನು ಬಹುತೇಕ ಬೋಳಾಗಿ ಕತ್ತರಿಸುತ್ತಾರೆ. ಆಗ ಚಿಗುರುವ ಕಡ್ಡಿಗಳಿಂದ ಆ ಸಲ ಬೆಳೆ ತೆಗೆಯುವುದಿಲ್ಲ. ಮುಂದಿನ ಗೊಂಚಲಿನ ಮೊಗ್ಗುಗಳು ಆ ಕಡ್ಡಿಗಳ ಕಣ್ಣುಗಳೊಳಗೆ ಹೊರಗಿನವರಿಗೆ ಕಾಣದಂತೆ ರೂಪುಗೊಳ್ಳುತ್ತಿರುತ್ತವೆ. ಅಕ್ಟೋಬರ್ ಸುಮಾರಿನ ಎರಡನೆಯ ಚಾಟನಿಯ ಬಳಿಕವೇ ಗೊಂಚಲು ಹೊರಬರುವುದು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಸವರುವ ಪ್ಯಾಲೆಸ್ಟೈನಿನ ಪದ್ಧತಿ ಇದಕ್ಕಿಂತ ಭಿನ್ನ. ಆದರೂ ಹಸುರಾಗಿ ಹಬ್ಬಿದ ಬಳ್ಳಿ ಫಲವತ್ತಾದ ಬಳ್ಳಿಯಲ್ಲ ಎಂಬ ತಿಳಿವಳಿಕೆ ಎರಡು ಕಡೆಯೂ ಒಂದೇ. ಶಿಷ್ಯಜೀವನದಲ್ಲಿ ಬರುವ ನಷ್ಟ, ರೋಗ, ಅಪಮಾನಗಳನ್ನು ಕ್ರೈಸ್ತ ಪರಂಪರೆ ಈ ಕತ್ತಿಯ ರೂಪಕದಿಂದ ಅರ್ಥೈಸುತ್ತ ಬಂದಿದೆ. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಮನುಷ್ಯರು ಮಾಡಿದ ಅನ್ಯಾಯವನ್ನೂ ತೋಟಗಾರನ ಕೈಚಳಕವೆಂದು ಬಡವರಿಗೆ ಬೋಧಿಸಿ ಸುಮ್ಮನಿರಿಸಿದ ಉದಾಹರಣೆಗಳು ಚರಿತ್ರೆಯಲ್ಲಿ ಕಡಿಮೆಯಿಲ್ಲ. ಯೋಹಾನನ ಪಠ್ಯದಲ್ಲಿ ಕತ್ತಿ ಇರುವುದು ತಂದೆಯ ಕೈಯಲ್ಲಿ. ಒಂದು ಕೊಂಬೆ ಇನ್ನೊಂದು ಕೊಂಬೆಯನ್ನು ಸವರುವ ಮಾತೇ ಅಲ್ಲಿಲ್ಲ.

ಅರ್ಹತೆಯೋ ಫಲವೋ

ಅದೇ ಅಧ್ಯಾಯದ 8ನೆಯ ವಚನ ಬಹಳ ಫಲಕೊಡುವುದನ್ನೂ ಶಿಷ್ಯರಾಗುವುದನ್ನೂ ಒಟ್ಟಿಗೆ ಹೆಣೆಯುತ್ತದೆ. ಗ್ರೀಕಿನ 'ಮಥೇತೇಸ್' ಎಂದರೆ ಕಲಿಯುವವನು. ಸಂಸ್ಕೃತದ 'ಶಿಷ್ಯ' ಪದ ಶಾಸನ, ಶಾಸ್ತ್ರ ಪದಗಳಿಗೆ ಮೂಲವಾದ 'ಶಾಸ್' ಧಾತುವಿನಿಂದ ಬಂದದ್ದು; ಉಪದೇಶಕ್ಕೆ, ಶಿಸ್ತಿಗೆ ಯೋಗ್ಯನಾದವನೆಂಬ ಭಾವ ಅದರಲ್ಲಿದೆ. ಯೋಗ್ಯತೆಯ ಈ ಅಂಶವೇ ಎರಡು ಪರಂಪರೆಗಳು ಕವಲೊಡೆಯುವ ಜಾಗ.

ಗಲಾತ್ಯ ಪತ್ರಿಕೆಯಲ್ಲಿ ಪೌಲನು ಆತ್ಮದ ಫಲವನ್ನು ಒಂಬತ್ತು ಗುಣಗಳಾಗಿ ಬಿಡಿಸಿ ಹೇಳುತ್ತಾನೆ. ಅವುಗಳಲ್ಲಿ ಮೊದಲನೆಯದು ಪ್ರೀತಿ. ಕೊನೆಯದು 'ಎಂಕ್ರಾತೆಯಾ', ಅಂದರೆ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು. ಇದಕ್ಕೆ ಕನ್ನಡ ಸತ್ಯವೇದ ಕೊಟ್ಟಿರುವ ಪದ 'ಶಮೆದಮೆ'. ಮೂರನೆಯ ಗುಣವಾದ ಶಾಂತಿಗೆ 'ಸಮಾಧಾನ' ಎಂಬ ಪದ ಬಂದಿದೆ. ವೇದಾಂತದ ಪರಿಚಯವಿರುವವರಿಗೆ ಈ ಪದಗಳ ಮೂಲ ಹೇಳಬೇಕಾಗಿಲ್ಲ. ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂಬ ಷಟ್ಕಸಂಪತ್ತಿಯಲ್ಲಿ ಮೂರು ಪದಗಳು ಪೌಲನ ಪಟ್ಟಿಯೊಳಕ್ಕೆ ಬಂದು ಸೇರಿವೆ. ಸಮಾಧಾನವು ವೇದಾಂತದಲ್ಲಿ ಚಿತ್ತದ ಏಕಾಗ್ರತೆ. ಕ್ರೈಸ್ತರ ಬಳಕೆಯಲ್ಲಿ ಅದು ದೇವರೊಡನೆಯೂ ಮನುಷ್ಯರೊಡನೆಯೂ ಮುರಿದ ಸಂಬಂಧ ಮತ್ತೆ ಕೂಡಿಕೊಂಡ ನೆಮ್ಮದಿ.

ಪದಗಳು ಒಂದೇ ಆದರೂ ಅವುಗಳ ಸ್ಥಾನ ತಲೆಕೆಳಗಾಗಿದೆ. ವೇದಾಂತದಲ್ಲಿ ಶಮದಮಾದಿಗಳು ಸಾಧನಚತುಷ್ಟಯದ ಭಾಗ, ಜ್ಞಾನೋಪದೇಶಕ್ಕೆ ಮುಂಚೆ ಶಿಷ್ಯನಲ್ಲಿ ಇರಬೇಕಾದ ಅಧಿಕಾರ. ಗುರುವಿನ ಬಾಗಿಲಿಗೆ ಬರುವವನು ಅವುಗಳನ್ನು ಹೊತ್ತುಕೊಂಡು ಬರಬೇಕು. ಪೌಲನಲ್ಲಿ ಅವು ಶಿಷ್ಯತ್ವದ ನಂತರದವು, ಆತ್ಮದ ಫಲ. ಬಾಗಿಲಿಗೆ ಬರುವಾಗ ಶಿಷ್ಯನ ಕೈ ಬರಿದಾಗಿರುತ್ತದೆ. ಸುವಾರ್ತೆಗಳ ಶಿಷ್ಯವೃಂದ ಇದಕ್ಕೆ ಒಪ್ಪುವ ಹಾಗೆಯೇ ಇದೆ: ಮೀನುಗಾರರು, ಸುಂಕ ವಸೂಲಿಯವನು, ಓದುಬರಹದ ಪ್ರತಿಷ್ಠೆಯಿಲ್ಲದವರು. ಶಿಷ್ಯರು ತನ್ನನ್ನು ಆರಿಸಿಕೊಳ್ಳಲಿಲ್ಲ, ತಾನೇ ಅವರನ್ನು ಆರಿಸಿಕೊಂಡೆನೆಂದು ಯೇಸು ಹೇಳುವುದೂ ಈ ಬಳ್ಳಿಯ ಪ್ರಸಂಗದಲ್ಲಿಯೇ. ನೆಲೆಗೊಂಡಿರಲು ಹತ್ತು ಸಲ ಹೇಳಿಸಿಕೊಂಡ ಇದೇ ಶಿಷ್ಯರು ಕೆಲವೇ ಗಂಟೆಗಳಲ್ಲಿ ಚದರಿ ಓಡುತ್ತಾರೆ, ಪೇತ್ರನು ಗುರುವಿನ ಪರಿಚಯವೇ ಇಲ್ಲವೆನ್ನುತ್ತಾನೆ. ಪರೀಕ್ಷೆಯಲ್ಲಿ ಸೋತವರಿಗೆ ಮತ್ತೆ ನೆಲೆ ಸಿಗುವ ಕಥೆಯಾದ್ದರಿಂದಲೇ ಶಿಷ್ಯತ್ವದ ಈ ಕಲ್ಪನೆಯನ್ನು ಕೇವಲ ಸದ್ಗುಣಗಳ ಪಟ್ಟಿಯಾಗಿ ಓದಲಾಗದು.

ಪೌಲನ ಪಟ್ಟಿಯ ನಾಲ್ಕನೆಯ ಪದವೂ ವಿಚಾರಾರ್ಹ. 'ಮಕ್ರೊಥುಮಿಯಾ' ಎಂಬುದು ದೀರ್ಘವೆಂಬ ಪದಕ್ಕೆ ಮನದ ಆವೇಗವೆಂಬ ಪದ ಕೂಡಿ ಆದದ್ದು. ಕೆರಳಲು ಬಹಳ ಕಾಲ ತೆಗೆದುಕೊಳ್ಳುವ ಸ್ವಭಾವ ಎಂದು ಬಿಡಿಸಬಹುದು. ಕನ್ನಡದಲ್ಲಿ ಅದು 'ದೀರ್ಘಶಾಂತಿ'ಯಾಯಿತು. ತಾಳ್ಮೆಯನ್ನೇ ತಪಸ್ಸೆಂದು ಹಾಡಿದ ವಾದಿರಾಜರ ನಾಡಿನಲ್ಲಿ 'ತಾಳ್ಮೆ' ಎಂಬ ಸಿದ್ಧಪದವಿರಲು ಹೊಸದೊಂದನ್ನು ಕಟ್ಟಿದ್ದೇಕೆ ಎಂದು ಕೇಳಬಹುದು. ಮೂಲದ 'ದೀರ್ಘ'ವನ್ನು ಬಿಡಲೊಪ್ಪದ ನಿಷ್ಠೆಯೇ ಕಾರಣವಾಗಿರುವಂತಿದೆ. ಕೇಳಲು ಕೃತಕವಾದ ಈ ಪದ ಕ್ರೈಸ್ತ ಮನೆಗಳಲ್ಲಿ ಇಂದು ತೀರ ಸಹಜವಾಗಿದೆ. ಹೊರಗಿನ ಕನ್ನಡ ಅದನ್ನು ಇನ್ನೂ ಸ್ವೀಕರಿಸಿಲ್ಲ.

ಗೀತೆಯ ನಿಷ್ಕಾಮಕರ್ಮದೊಡನೆ ಹೋಲಿಕೆ ಇಲ್ಲಿ ಸಹಜವಾಗಿ ಏಳುತ್ತದೆ. ಫಲದ ಆಸೆ ಬಿಡು ಎಂಬುದಕ್ಕೂ ಬಹಳ ಫಲ ಕೊಡು ಎಂಬುದಕ್ಕೂ ಮೇಲುನೋಟಕ್ಕೆ ವಿರೋಧವಿದೆ. ಆದರೆ ಫಲವನ್ನು ಕೂಲಿಯೆಂದು ಭಾವಿಸಬಾರದೆಂಬಲ್ಲಿ ಎರಡೂ ಸೇರುತ್ತವೆ. ಗೀತೆಯಲ್ಲಿ ಫಲ ಕರ್ತೃವಿಗೆ ಸಲ್ಲಬಹುದಾದದ್ದು, ಅವನು ಅದನ್ನು ಬಿಡುತ್ತಾನೆ. ಯೋಹಾನನಲ್ಲಿ ಅದು ಮೊದಲಿನಿಂದಲೂ ಕೊಂಬೆಯದಲ್ಲ.

ಎಣಿಕೆಯ ಪ್ರಶ್ನೆ

ಪರಿಕಲ್ಪನೆ ಹೀಗಿದ್ದರೂ ಆಚರಣೆಯಲ್ಲಿ ಫಲವನ್ನು ಎಣಿಸುವ ಆಸೆ ಬಲವಾದದ್ದು. ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದಿದ್ದದ್ದು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥ. ಅಂತರಂಗದ ಪರಿವರ್ತನೆ ದಿನನಿತ್ಯದ ನಡತೆಯಲ್ಲಿ ಕಣ್ಣಿಗೆ ಕಾಣಬೇಕೆಂಬುದು ಆ ಪಂಥದ ಆಗ್ರಹ. ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಸಭೆಗಳ, ಶಾಲೆಗಳ ಅಂಕಿಅಂಶದ ಕೋಷ್ಟಕಗಳು ಬರುತ್ತಿದ್ದವು. ದೂರದ ದಾನಿಗಳಿಗೆ ಲೆಕ್ಕ ಒಪ್ಪಿಸಬೇಕಾದ ಸಂಸ್ಥೆಗೆ ಅದು ಅನಿವಾರ್ಯವೂ ಆಗಿತ್ತು. ಆದರೆ ಪ್ರೀತಿ, ದೀರ್ಘಶಾಂತಿಗಳಿಗೆ ಕೋಷ್ಟಕದಲ್ಲಿ ಅಂಕಣವಿರಲಾರದು.

ಕರಾವಳಿಯ ಹೊಸ ಕ್ರೈಸ್ತರಲ್ಲಿ ಅನೇಕರು ಬಿಲ್ಲವರು. ಮತಾಂತರದ ಬಳಿಕ ಶೇಂದಿ ಇಳಿಸುವ ವೃತ್ತಿ ಬಿಟ್ಟುಹೋಯಿತು, ಭೂತಾರಾಧನೆಯ ಮೂಲಕ ಊರಿನೊಡನೆ ಇದ್ದ ಕೊಂಡಿ ಕಳಚಿತು, ಭೂಮಾಲೀಕರ ಆಶ್ರಯವೂ ಹಲವರಿಗೆ ತಪ್ಪಿತು. ಹೀಗೆ ನೆಲೆ ಕಳೆದುಕೊಂಡವರಿಗೆ ಅಕ್ಷರಶಃ ಒಂದು ನೆಲೆ ಒದಗಿಸಲು ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನು ತೆರೆಯಿತು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ದುಡಿಮೆಯ ಶ್ರದ್ಧೆ, ಸಮಯಪಾಲನೆ, ಕುಡಿತದಿಂದ ದೂರವಿರುವುದು ಇವೆಲ್ಲ ಪರಿವರ್ತಿತ ಬಾಳಿನ ಕುರುಹುಗಳಾದವು. ಶರಣರ ಕಾಯಕದೊಡನೆ ಇದನ್ನು ಹೋಲಿಸುವ ಪ್ರಲೋಭನೆಗೆ ಎಚ್ಚರದಿಂದ ಒಡ್ಡಿಕೊಳ್ಳಬೇಕು. ಕಾಯಕ ಪೂಜೆಯೇ ಆಗಿತ್ತು, ಅದರ ಗಳಿಕೆ ದಾಸೋಹಕ್ಕೆ ಸಲ್ಲುತ್ತಿತ್ತು. ಕಾರ್ಖಾನೆಯ ದುಡಿಮೆ ಮುಖ್ಯವಾಗಿ ಜೀವನೋಪಾಯ, ಅದರ ಮೇಲೆ ಸಭಾಶಿಸ್ತಿನ ಕಣ್ಣೂ ಇತ್ತು. ಒಬ್ಬನ ಅನ್ನದಾತನೂ ಆತ್ಮದ ಪರೀಕ್ಷಕನೂ ಒಂದೇ ಸಂಸ್ಥೆಯಾದಾಗ ನಡತೆಯಲ್ಲಿ ಕಾಣುವುದು ಫಲವೋ ಭಯವೋ ಎಂದು ಹೇಳುವುದು ಕಷ್ಟ. ಪೌಲನು ಬಾಗಿಲಿಂದ ಹೊರಗೆ ಕಳಿಸಿದ ನೇಮನಿಷ್ಠೆ ಕಿಟಕಿಯಿಂದ ಒಳಗೆ ಬಂದಂತಾಯಿತು. ಇಷ್ಟು ಹೇಳಿದ ಮೇಲೂ, ಹಿಂದೆ ತಲೆಯೆತ್ತಿ ನಡೆಯಲಾಗದಿದ್ದವರ ಮಕ್ಕಳು ಅದೇ ಶಾಲೆಗಳಲ್ಲಿ ಅಕ್ಷರ ಕಲಿತರೆಂಬುದನ್ನು ಮರೆಯಲಾಗದು.

ಕನ್ನಡ ವಿದ್ವತ್ತಿನ ಎಣಿಕೆಯೂ ಒಂದರ್ಥದಲ್ಲಿ ಇದೇ ಬಗೆಯದು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ, 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಕನ್ನಡದ ಹಳೆಯ ಕೃತಿಗಳನ್ನು ಅಚ್ಚುಹಾಕಿಸಿದ, 1860ರಲ್ಲಿ ತಾಯ್ನಾಡಿಗೆ ಮರಳಿದ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದು, 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ'ಯನ್ನು ಪ್ರಕಟಿಸಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಕೊಟ್ಟ. ಮಿಷನ್ ಎಣಿಸಬಯಸಿದ್ದು ಮತಾಂತರಗಳನ್ನು, ಕನ್ನಡ ವಿಭಾಗಗಳು ಎಣಿಸುವುದು ಪುಟಗಳನ್ನು. ಅವರ ಬದುಕಿನ ಮೂಲವಾಗಿದ್ದ ವಿಶ್ವಾಸವನ್ನು ಸಾಹಿತ್ಯಚರಿತ್ರೆಗಳು ಪಕ್ಕಕ್ಕಿಟ್ಟು, ನಿಘಂಟನ್ನು ಮಾತ್ರ ಕಿತ್ತು ಬುಟ್ಟಿಗೆ ಹಾಕಿಕೊಳ್ಳುವುದು ರೂಢಿಯಾಗಿದೆ. ಕಿಟ್ಟೆಲ್‌ನ ನಿಘಂಟಿನ ಹಿಂದಿರುವ ದಶಕಗಳ ದೀರ್ಘಶಾಂತಿಯನ್ನು ಬಿಟ್ಟು ನಿಘಂಟನ್ನು ವಿವರಿಸಲಾಗದೆಂಬುದಾದರೂ ಒಪ್ಪತಕ್ಕ ಮಾತು.

ಪಂಡಿತಾ ರಮಾಬಾಯಿಯ ನಿದರ್ಶನ

ಈ ಎರಡೂ ಎಣಿಕೆಗಳಿಗೆ ಸಿಗದ ಒಂದು ಬಾಳು ಪಂಡಿತಾ ರಮಾಬಾಯಿಯದು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಆಕೆ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಕುಟುಂಬದಲ್ಲಿ ಸಂಸ್ಕೃತ ಕಲಿತರು. ತಂದೆತಾಯಿಗಳು 1870ರ ದಶಕದ ಬರಗಾಲದಲ್ಲಿ ತೀರಿಕೊಂಡರು. 1880ರಲ್ಲಿ ಅಣ್ಣ, 1882ರಲ್ಲಿ ಪತಿ ಗತಿಸಿದರು. ಕೈಯಲ್ಲೊಂದು ಕೂಸು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ತಮಗೆ ಆಶ್ರಯ ಕೊಟ್ಟ ಆಂಗ್ಲಿಕನ್ ಸಂನ್ಯಾಸಿನಿಯರೊಡನೆ ನಡೆದ ಪತ್ರವ್ಯವಹಾರದಲ್ಲಿ, ಸಭೆಯ ಸಿದ್ಧಾಂತಗಳೆಲ್ಲವನ್ನೂ ಅಧಿಕಾರದ ಮಾತಿಗೆ ತಲೆಬಾಗಿ ಒಪ್ಪಲು ಅವರು ನಿರಾಕರಿಸಿದರು. ಕ್ರಿಸ್ತನಲ್ಲಿ ನೆಲೆ ಬೇರೆ, ಸಂಸ್ಥೆಯಲ್ಲಿ ನೆಲೆ ಬೇರೆ ಎಂಬ ವಿವೇಕ ಅವರದಾಗಿತ್ತು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, 1896-97ರ ಬರಗಾಲದಲ್ಲಿ ಅನಾಥ ಹೆಣ್ಣುಮಕ್ಕಳನ್ನು ಪುಣೆಯ ಸಮೀಪದ ಕೇಡಗಾಂವಿಗೆ ಕರೆತಂದು ಸಾಕಿದರು. ಕಲಬುರಗಿಯಲ್ಲೂ ಅವರ ಹಾಗೂ ಮಗಳು ಮನೋರಮೆಯ ಪ್ರಯತ್ನದಿಂದ ಶಾಲೆಯೊಂದು ನಡೆಯಿತು.

ಭಾಷೆಯ ದೃಷ್ಟಿಯಿಂದ ಅವರ ಕೊನೆಯ ಕೆಲಸ ಇಲ್ಲಿ ಪ್ರಸ್ತುತ. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲ್ಲಿನ ಸಂಸ್ಕೃತಮಯ ಪದಗಳು ಓದುಗರನ್ನು ಬೇರೊಂದು ದರ್ಶನದ ಕಡೆಗೆ ಒಯ್ಯುತ್ತವೆಂದು ಅವರಿಗೆ ಅನ್ನಿಸಿತ್ತು. 'ಪಂಡಿತಾ' ಎಂಬ ಬಿರುದನ್ನು ಸಂಸ್ಕೃತದಿಂದಲೇ ಗಳಿಸಿದ ಆಕೆ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ಇಡೀ ಬೈಬಲ್ಲನ್ನು ಹೊಸದಾಗಿ ಅನುವಾದಿಸಿದರು. ಕನ್ನಡ ಅನುವಾದಕರು 'ಶಮೆದಮೆ'ಯನ್ನು ಬರಮಾಡಿಕೊಂಡ ಬಾಗಿಲನ್ನು ರಮಾಬಾಯಿ ತಿಳಿದೂ ತಿಳಿದೂ ಮುಚ್ಚಿದರು. ಯಾವುದು ಸರಿ ಎಂಬುದು ಸುಲಭವಾಗಿ ತೀರ್ಮಾನವಾಗುವಂಥದಲ್ಲ. ಶಮೆದಮೆಯ ಕನ್ನಡ ಓದುಗನಿಗೆ ಎರಡು ಪರಂಪರೆಗಳ ಘರ್ಷಣೆಯೇ ಒಂದು ತಿಳಿವಳಿಕೆಯಾಗಿ ಒದಗುತ್ತದೆ. ಆದರೆ ಅದಕ್ಕೆ ಎರಡೂ ಪರಂಪರೆಗಳ ಓದು ಬೇಕು. ಕೇಡಗಾಂವಿನ ಹುಡುಗಿಯರಿಗೆ ಅದು ಇರಲಿಲ್ಲ. 1921ರಲ್ಲಿ ಮಗಳು ಮನೋರಮೆ ತೀರಿಕೊಂಡರು. 1922ರ ಏಪ್ರಿಲ್‌ನಲ್ಲಿ ರಮಾಬಾಯಿ ಗತಿಸಿದರು. ಅನುವಾದ ಗ್ರಂಥರೂಪದಲ್ಲಿ ಹೊರಬಂದದ್ದು 1924ರಲ್ಲಿ.

ಫಲವನ್ನು ನೋಡಲು ಕೊಟ್ಟವರೇ ಉಳಿದಿರಬೇಕೆಂಬ ನಿಯಮ ಸುವಾರ್ತೆಗಳಲ್ಲಿಯೂ ಇಲ್ಲ. ಬಿತ್ತುವವನ ಸಾಮತಿಯಲ್ಲಿ ಒಳ್ಳೆಯ ನೆಲವೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ: ಮೂವತ್ತರಷ್ಟು, ಅರುವತ್ತರಷ್ಟು, ನೂರರಷ್ಟು. ಕಡಮೆ ಬೆಳೆದ ನೆಲವನ್ನು ಕಥೆ ದೂರುವುದೂ ಇಲ್ಲ. ಲೂಕನ ಸುವಾರ್ತೆಯ 13ನೆಯ ಅಧ್ಯಾಯದ ಅಂಜೂರದ ಮರ ಇನ್ನೂ ವಿಚಿತ್ರ. ಮೂರು ವರ್ಷ ಹಣ್ಣು ಹುಡುಕಿ ಬೇಸತ್ತ ಒಡೆಯ ಅದನ್ನು ಕಡಿಯಲು ಹೇಳುತ್ತಾನೆ. ತೋಟದ ಆಳು ಇದೊಂದು ವರ್ಷ ಬಿಡಿರೆಂದು ಬೇಡಿಕೊಂಡು, ಸುತ್ತಲೂ ಅಗೆದು ಗೊಬ್ಬರ ಹಾಕುವುದಾಗಿ ಹೇಳುತ್ತಾನೆ. ಮರುವರ್ಷ ಆ ಮರ ಹಣ್ಣು ಬಿಟ್ಟಿತೇ ಇಲ್ಲವೇ ಎಂಬುದನ್ನು ಲೂಕನು ಬರೆದಿಲ್ಲ. ಕಥೆ ಅಗೆತದ ಮಾತಿನಲ್ಲಿ ನಿಲ್ಲುತ್ತದೆ.